ಒತ್ತದ ಗುಂಡಿಯ ಗುಟ್ಟು

ಒಂದು ಚಿಕ್ಕ ಕೋಣೆ. ಅದರಲ್ಲಿ ಕುರ್ಚಿ, ಮೇಜು, ಮೇಜಿನ ಮೇಲೆ ಬಿಡಿಸಬೇಕಾದ ಲೆಕ್ಕಗಳ ಹಾಳೆ. ಲೆಕ್ಕ ಮಾಡುತ್ತ ಕುಳಿತವನ ಕಿವಿಗೆ ಇದ್ದಕ್ಕಿದ್ದಂತೆ ಭಾರೀ ಗದ್ದಲವೊಂದು ಬಂದು ಅಪ್ಪಳಿಸುತ್ತದೆ. ಇಬ್ಬರು ಸ್ಪ್ಯಾನಿಷ್ ಭಾಷೆಯಲ್ಲಿ ಮಾತನಾಡುತ್ತಿದ್ದಾರೆ, ಮತ್ತೊಬ್ಬ ಅರ್ಮೇನಿಯನ್ ಭಾಷೆಯಲ್ಲಿ. ಅದರ ಮೇಲೆ ಸೈಕ್ಲೋಸ್ಟೈಲ್ ಯಂತ್ರದ ಸದ್ದು, ಲೆಕ್ಕ ಹಾಕುವ ಯಂತ್ರದ ಸದ್ದು, ಟೈಪ್‌ರೈಟರಿನ ಸದ್ದು. ಎಲ್ಲವನ್ನೂ ಒಂದೇ ಟೇಪಿನಲ್ಲಿ ಕಲಸಿ, ಕಿವಿ ಗಡಚಿಕ್ಕುವ ಮಟ್ಟಕ್ಕೆ ಏರಿಸಿ ಬಿಟ್ಟಿದ್ದಾರೆ. ಕೆಲವು ಸೆಕೆಂಡುಗಳ ಬಳಿಕ ಅದು ತಾನಾಗಿ ನಿಲ್ಲುತ್ತದೆ. ಮತ್ತೆ ಯಾವಾಗ ಶುರುವಾದೀತೆಂದು ಹೇಳುವಂತಿಲ್ಲ.

1960ರ ದಶಕದ ಕೊನೆಯಲ್ಲಿ ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಗ್ಲಾಸ್ ಮತ್ತು ಜೆರೋಮ್ ಸಿಂಗರ್ ಹೂಡಿದ ಪ್ರಯೋಗ ಇದು. ದೊಡ್ಡ ನಗರಗಳ ಗದ್ದಲ ಮನುಷ್ಯನನ್ನು ಹೇಗೆ ಸವೆಸುತ್ತದೆ ಎಂದು ತಿಳಿಯುವುದು ಅವರ ಉದ್ದೇಶವಾಗಿತ್ತು. ಮೊದಲಿಗೆ ಅವರಿಗೆ ಆಶ್ಚರ್ಯವೇ ಕಾದಿತ್ತು. ಗದ್ದಲದ ನಡುವೆ ಜನ ಲೆಕ್ಕವನ್ನು ಸುಮಾರಾಗಿ ಸರಿಯಾಗಿಯೇ ಮಾಡಿದರು. ಒಂದೆರಡು ಸಲ ಬೆಚ್ಚಿಬಿದ್ದು, ಆಮೇಲೆ ಒಗ್ಗಿಕೊಂಡುಬಿಟ್ಟರು. ಆದರೆ ಗದ್ದಲ ನಿಂತು ಎಲ್ಲವೂ ಶಾಂತವಾದ ಮೇಲೆ ಅಸಲು ಪೆಟ್ಟು ಕಾಣಿಸಿಕೊಂಡಿತು. ಅವರಿಗೆ ಒಂದು ಕರಡಚ್ಚು ತಿದ್ದಲು ಕೊಟ್ಟರೆ ತಪ್ಪುಗಳು ಕಣ್ಣಿಗೆ ಬೀಳಲಿಲ್ಲ. ಬಿಡಿಸಲಾಗದ ಒಂದು ಒಗಟನ್ನು ಮುಂದಿಟ್ಟರೆ ನಾಲ್ಕು ಸಲ ಕೈಯಾಡಿಸಿ ಬದಿಗೆ ತಳ್ಳಿದರು.

ಇನ್ನೊಂದು ತಂಡಕ್ಕೂ ಇದೇ ಕೋಣೆ, ಇದೇ ಟೇಪು, ಇದೇ ಲೆಕ್ಕ. ವ್ಯತ್ಯಾಸ ಒಂದೇ. ಅವರ ಕುರ್ಚಿಯ ಪಕ್ಕದಲ್ಲಿ ಒಂದು ಗುಂಡಿ ಇತ್ತು. 'ತೀರಾ ಅಸಹನೀಯವಾದರೆ ಇದನ್ನು ಒತ್ತಿ, ಸದ್ದು ನಿಲ್ಲುತ್ತದೆ. ಒತ್ತದಿದ್ದರೆ ನಮಗೆ ಒಳ್ಳೆಯದು, ಆದರೆ ಅದು ನಿಮ್ಮ ಇಷ್ಟ' ಎಂದು ಅವರಿಗೆ ತಿಳಿಸಲಾಗಿತ್ತು. ಹೀಗೆ ಹೇಳಿಸಿಕೊಂಡವರು ಗುಂಡಿಯ ಗೊಡವೆಗೆ ಹೋಗಲಿಲ್ಲ. ಮೊದಲ ತಂಡದವರು ಕೇಳಿದಷ್ಟೇ ಗದ್ದಲವನ್ನು ಇವರೂ ಕೇಳಿದರು. ಆದರೂ ಕರಡು ತಿದ್ದುವಾಗ ಇವರ ತಪ್ಪುಗಳು ಕಡಿಮೆ. ಬಿಡಿಸಲಾಗದ ಒಗಟಿನ ಮುಂದೆ ಇವರು ಹಲವು ಪಟ್ಟು ಹೆಚ್ಚು ಹೊತ್ತು ಪಟ್ಟು ಹಿಡಿದು ಕುಳಿತರು.

ಕಿವಿಗೆ ಬಿದ್ದ ಡೆಸಿಬೆಲ್‌ಗಳು ಒಂದೇ ಆಗಿದ್ದರೂ ಫಲ ಬೇರೆಯಾಯಿತು. ಭೌತವಿಜ್ಞಾನ ಇದಕ್ಕೆ ಉತ್ತರ ಕೊಡಲಾರದು. ಕಷ್ಟದ ತೂಕವನ್ನಷ್ಟೇ ಅಳೆದರೆ ಸಾಲದು, 'ಇದನ್ನು ನಿಲ್ಲಿಸುವುದು ನನ್ನ ಕೈಯಲ್ಲಿದೆ' ಎಂಬ ಹತೋಟಿಯ ಭಾವನೆಯೂ ಲೆಕ್ಕಕ್ಕೆ ಬರಬೇಕು ಎಂಬುದು ಅಂದು ಗೋಚರವಾದ ಸಂಗತಿ. ಈ ಹತೋಟಿ ಎಲ್ಲಿಂದ ಬರುತ್ತದೆ, ಕಳೆದುಹೋದರೆ ಏನಾಗುತ್ತದೆ ಎಂಬ ಪ್ರಶ್ನೆಯ ಬೆನ್ನು ಹತ್ತಿದ ವಿಜ್ಞಾನಿಗಳು ಮುಂದಿನ ಐವತ್ತು ವರ್ಷಗಳಲ್ಲಿ ಒಂದು ದೊಡ್ಡ ಸಿದ್ಧಾಂತವನ್ನು ಕಟ್ಟಿದರು. ಕಟ್ಟಿದವರೇ ಕೊನೆಗೆ ಅದನ್ನು ತಲೆಕೆಳಗು ಮಾಡಿದರು.

ಜಿಗಿಯದ ನಾಯಿಗಳು

ಆ ಕಥೆ ಆರಂಭವಾಗುವುದು ಫಿಲಡೆಲ್ಫಿಯ ನಗರದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ. 1964ರಲ್ಲಿ 22 ವರ್ಷದ ಮಾರ್ಟಿನ್ ಸೆಲಿಗ್‌ಮನ್ ಅಲ್ಲಿಗೆ ಸಂಶೋಧನ ವಿದ್ಯಾರ್ಥಿಯಾಗಿ ಬಂದಾಗ ರಿಚರ್ಡ್ ಸಾಲೊಮನ್ ಅವರ ಪ್ರಯೋಗಾಲಯದಲ್ಲಿ ಎಲ್ಲರೂ ಪೇಚಿಗೆ ಸಿಲುಕಿದ್ದರು. ನಾಯಿಗಳಿಗೆ ಮೊದಲು ಒಂದು ಶಬ್ದವನ್ನು ಕೇಳಿಸಿ, ಜೊತೆಗೇ ಲಘುವಾದ ವಿದ್ಯುತ್ ಆಘಾತ ಕೊಟ್ಟು, ಆ ಶಬ್ದ ಕೇಳಿದೊಡನೆ ಅವು ಹೆದರುವಂತೆ ಮಾಡಲಾಗಿತ್ತು. ಆಮೇಲೆ ಅವುಗಳನ್ನು ಎರಡು ಅಂಕಣಗಳ ಪೆಟ್ಟಿಗೆಯಲ್ಲಿ ಬಿಡಬೇಕು. ನಡುವೆ ನಾಯಿ ಸುಲಭವಾಗಿ ದಾಟಬಹುದಾದ ಅಡ್ಡಗೋಡೆ. ಶಬ್ದ ಕೇಳಿದ ನಾಯಿ ಗೋಡೆ ಹಾರಿ ಆಚೆ ಹೋಗುತ್ತದೆಯೇ ನೋಡಬೇಕು. ಆದರೆ ನಾಯಿಗಳು ಹಾರಲೇ ಇಲ್ಲ. ಆಘಾತ ತಗಲುತ್ತಿದ್ದರೂ ಮಲಗಿ ಕುಂಯ್‌ಗುಟ್ಟಿದವೇ ಹೊರತು ಏಳಲಿಲ್ಲ.

ಪ್ರಯೋಗ ಕೆಟ್ಟಿತು ಎಂದು ಉಳಿದವರು ಗೊಣಗುತ್ತಿದ್ದಾಗ, ಕೆಟ್ಟ ಪ್ರಯೋಗದಲ್ಲೇ ವಿಷಯವಿದೆ ಎಂದು ಸೆಲಿಗ್‌ಮನ್‌ಗೆ ಅನ್ನಿಸಿತು. ಮೊದಲ ಹಂತದಲ್ಲಿ ನಾಯಿಗಳು ಏನು ಮಾಡಿದರೂ ಆಘಾತ ನಿಲ್ಲುತ್ತಿರಲಿಲ್ಲ. 'ಏನು ಮಾಡಿದರೂ ಅಷ್ಟೆ' ಎಂಬುದನ್ನು ಅವು ಕಲಿತುಬಿಟ್ಟಿರಬಹುದೇ? ಇಂದು ಸರಳವೆನಿಸುವ ಈ ಊಹೆ ಅಂದು ಧಾರ್ಷ್ಟ್ಯದ ಮಾತಾಗಿತ್ತು. ಪ್ರಾಣಿಗಳು ಬಹುಮಾನ ಸಿಕ್ಕ ಚಲನೆಯನ್ನು ಕಲಿಯುತ್ತವೆ, ಶಿಕ್ಷೆ ಸಿಕ್ಕ ಚಲನೆಯನ್ನು ಬಿಡುತ್ತವೆ, ಅಷ್ಟೇ ಎಂದು ಆಗಿನ ವರ್ತನವಾದಿಗಳು ಸಾರುತ್ತಿದ್ದರು. 'ಮಾಡುವುದಕ್ಕೂ ಆಗುವುದಕ್ಕೂ ಸಂಬಂಧವಿಲ್ಲ' ಎಂಬಂಥ ಒಂದು ಅಭಿಪ್ರಾಯ ನಾಯಿಯ ತಲೆಯಲ್ಲಿ ಇರಲು ಅವರ ಶಾಸ್ತ್ರದಲ್ಲಿ ಜಾಗವಿರಲಿಲ್ಲ.

ಸೆಲಿಗ್‌ಮನ್ ಮತ್ತು ಅವರ ಗೆಳೆಯ ಸ್ಟೀವನ್ ಮೇಯರ್ ಇದಕ್ಕಾಗಿ ಹೂಡಿದ ಪ್ರಯೋಗದ ರಚನೆ ಯಾವ ವಿಜ್ಞಾನ ವಿದ್ಯಾರ್ಥಿಯೂ ಗಮನಿಸಬೇಕಾದಂಥದು. ಎಂಟೆಂಟು ನಾಯಿಗಳ ಮೂರು ತಂಡ. ಮೊದಲ ತಂಡದ ನಾಯಿಯನ್ನು ತೊಟ್ಟಿಲಿನಂಥ ಬಟ್ಟೆಯಲ್ಲಿ ತೂಗುಹಾಕಿ ಆಘಾತ ಕೊಡುತ್ತಾರೆ. ತಲೆಯ ಎರಡು ಪಕ್ಕದಲ್ಲೂ ಹಲಗೆಗಳಿವೆ. ತಲೆಯಿಂದ ಹಲಗೆಯನ್ನು ಒತ್ತಿದರೆ ಆಘಾತ ನಿಲ್ಲುತ್ತದೆ. ಎರಡನೆಯ ತಂಡದ ನಾಯಿಗೂ ಅದೇ ಆಘಾತ, ಅಷ್ಟೇ ಹೊತ್ತು, ಆದರೆ ಅದು ಹಲಗೆ ಒತ್ತಿದರೆ ಏನೂ ಆಗದು. ಮೊದಲ ನಾಯಿ ತನ್ನ ಆಘಾತವನ್ನು ನಿಲ್ಲಿಸಿದಾಗ ಇದರದೂ ನಿಲ್ಲುತ್ತದೆ. ಮೂರನೆಯ ತಂಡಕ್ಕೆ ಆಘಾತವೇ ಇಲ್ಲ. ಹೀಗಾಗಿ ಮೊದಲೆರಡು ತಂಡಗಳು ಅನುಭವಿಸಿದ ನೋವು ಸೆಕೆಂಡಿನ ಲೆಕ್ಕದಲ್ಲಿ ಸರಿಸಮ. ನೋವಿನ ಮೇಲೆ ಹತೋಟಿ ಇತ್ತೇ ಇಲ್ಲವೇ ಎಂಬುದೊಂದೇ ಅಂತರ.

ಮರುದಿನ ಎಲ್ಲವನ್ನೂ ಅಡ್ಡಗೋಡೆಯ ಪೆಟ್ಟಿಗೆಗೆ ಬಿಟ್ಟರು. ಒಂದನೆಯ ಮತ್ತು ಮೂರನೆಯ ತಂಡದ ನಾಯಿಗಳು ಗೋಡೆ ಹಾರುವುದನ್ನು ಬೇಗ ಕಲಿತವು. ಎರಡನೆಯ ತಂಡದ ಎಂಟರಲ್ಲಿ ಆರು ನಾಯಿಗಳು ಹತ್ತು ಅವಕಾಶಗಳಲ್ಲಿ ಒಂಬತ್ತರಲ್ಲೋ ಹತ್ತರಲ್ಲೋ ಕದಲಲಿಲ್ಲ. 1967ರಲ್ಲಿ ಪ್ರಕಟವಾದ ಈ ಫಲಿತಾಂಶದೊಂದಿಗೆ 'ಕಲಿತ ಅಸಹಾಯಕತೆ' ಎಂಬ ಮಾತು ಮನೋವಿಜ್ಞಾನಕ್ಕೆ ಸೇರಿತು.

ನಾಯಿಗಳಿಗೆ ಹೀಗೆ ಹಿಂಸೆ ಕೊಡುವುದು ಸರಿಯೇ ಎಂದು ಓದುಗರು ಕೇಳಬಹುದು. ಕೇಳಲೇಬೇಕು. ಇಂಥ ಪ್ರಯೋಗಕ್ಕೆ ಇಂದು ನೈತಿಕ ಸಮಿತಿಗಳ ಒಪ್ಪಿಗೆ ಸಿಕ್ಕುವುದು ಕಷ್ಟ. ಸೆಲಿಗ್‌ಮನ್‌ಗೂ ಇದು ಮನಸ್ಸಿಗೆ ಹಿತವಾಗಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅವರು ನಾಯಿಗಳ ಮೇಲಿನ ಕೆಲಸವನ್ನು ಬಿಟ್ಟರು. ಬಿಡುವ ಮೊದಲು ಎರಡು ಮುಖ್ಯ ವಿಷಯಗಳನ್ನು ಕಂಡುಕೊಂಡಿದ್ದರು. ಮೊದಲೇ ಒಮ್ಮೆ ಆಘಾತದಿಂದ ಪಾರಾಗಲು ಕಲಿತಿದ್ದ ನಾಯಿ, ಆಮೇಲೆ ಪಾರಾಗಲಾಗದ ಆಘಾತ ಉಂಡರೂ ಎದೆಗುಂದುವುದಿಲ್ಲ. ಸಿಡುಬಿನ ಚುಚ್ಚುಮದ್ದಿನಂತೆ ಮೊದಲ ಪಾಠ ಕಾಪಾಡುತ್ತದೆ. ಎರಡನೆಯದು, ಮಲಗಿಬಿಟ್ಟ ನಾಯಿಯನ್ನು ಏಳಿಸುವ ಬಗೆ. ಕರೆದರೆ ಬರಲಿಲ್ಲ, ತಿಂಡಿ ತೋರಿಸಿದರೂ ಬರಲಿಲ್ಲ. ಕೊರಳಿಗೆ ಹಗ್ಗ ಹಾಕಿ ಗೋಡೆಯಾಚೆ ಎಳೆಯಬೇಕಾಯಿತು, ಒಂದೆರಡು ಸಲವಲ್ಲ, ಹತ್ತಾರು ಸಲ. ಎಳೆಯುತ್ತ ಹೋದಂತೆ ಹಗ್ಗ ಹಗುರವಾಗುತ್ತ ಬಂತು. ಕೊನೆಗೆ ನಾಯಿ ತಾನೇ ಹಾರಿತು, ಮತ್ತೆ ಮರೆಯಲಿಲ್ಲ.

ಇನ್ನೊಂದು ಸಂಗತಿಯನ್ನು ಜನಪ್ರಿಯ ಪುಸ್ತಕಗಳು ಸಾಮಾನ್ಯವಾಗಿ ಹಾರಿಸಿಬಿಡುತ್ತವೆ. ಪಾರಾಗಲಾಗದ ಆಘಾತ ಉಂಡ ನಾಯಿಗಳಲ್ಲಿ ಸುಮಾರು ಮೂರನೆಯ ಒಂದು ಭಾಗ ಅಸಹಾಯಕವಾಗಲೇ ಇಲ್ಲ. ಅವು ಏಕೆ ಬಗ್ಗಲಿಲ್ಲ ಎಂಬ ಪ್ರಶ್ನೆಯೇ ಮುಂದೆ 'ಪುಟಿದೇಳುವ ಶಕ್ತಿ'ಯ ಅಧ್ಯಯನಕ್ಕೆ ಒಂದು ಬಾಗಿಲಾಯಿತು.

ಒಳಗೋ ಹೊರಗೋ

ಮನುಷ್ಯರ ಮೇಲೆ ಆಘಾತದ ಬದಲು ಮತ್ತೆ ಗದ್ದಲವನ್ನೇ ಬಳಸಲಾಯಿತು. ಡೊನಾಲ್ಡ್ ಹಿರೋಟೊ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ತಂಡಕ್ಕೆ ಗದ್ದಲ ನಿಲ್ಲಿಸುವ ಗುಂಡಿಯಿತ್ತು, ಇನ್ನೊಂದು ತಂಡದ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಆಮೇಲೆ ಕೊಟ್ಟ ಪೆಟ್ಟಿಗೆಯಲ್ಲಿ ಹಿಡಿಯೊಂದನ್ನು ಈ ಬದಿಯಿಂದ ಆ ಬದಿಗೆ ಸರಿಸಿದರೆ ಸಾಕು, ಸದ್ದು ನಿಲ್ಲುತ್ತಿತ್ತು. ಎರಡನೆಯ ತಂಡದ ಹಲವರು ಅಷ್ಟನ್ನೂ ಪ್ರಯತ್ನಿಸದೆ ಕುಳಿತರು.

ಹಿರೋಟೊ ಇಲ್ಲಿ ಇನ್ನೊಂದು ಅಳತೆಗೋಲನ್ನೂ ತಂದಿದ್ದರು. ಜೂಲಿಯನ್ ರಾಟರ್ ಎಂಬ ಮನೋವಿಜ್ಞಾನಿ 1966ರಲ್ಲಿ 29 ಜೋಡಿ ಹೇಳಿಕೆಗಳ ಒಂದು ಪ್ರಶ್ನಾವಳಿಯನ್ನು ಪ್ರಕಟಿಸಿದ್ದರು. ಬದುಕಿನಲ್ಲಿ ಆಗುವುದೆಲ್ಲ ತನ್ನ ನಡೆಯಿಂದ ಎಂದು ನಂಬುವವರು ಒಂದು ತುದಿಗೆ; ಅದೃಷ್ಟ, ವಿಧಿ, ದೊಡ್ಡವರ ಕೃಪೆಯಿಂದ ಎನ್ನುವವರು ಇನ್ನೊಂದು ತುದಿಗೆ. ಹತೋಟಿಯ ನೆಲೆ ಒಳಗಿದೆಯೋ ಹೊರಗಿದೆಯೋ ಎಂಬುದು ಪ್ರಶ್ನೆ. ಹೊರಗಿದೆ ಎನ್ನುವವರು ಹಿರೋಟೊ ಪ್ರಯೋಗದಲ್ಲಿ ಹೆಚ್ಚು ಬೇಗ ಕೈಚೆಲ್ಲಿದರು.

ರಾಟರ್ ಪ್ರಶ್ನಾವಳಿ ಜಗತ್ತಿನಾದ್ಯಂತ ಸಾವಿರಾರು ಅಧ್ಯಯನಗಳಲ್ಲಿ ಬಳಕೆಯಾಯಿತು. ಅತಿಯಾಗಿಯೇ ಬಳಕೆಯಾಯಿತು ಎನ್ನಬೇಕು. ನಮ್ಮಲ್ಲಿ 'ಎಲ್ಲಾ ಹಣೆಬರಹ' ಎನ್ನುವವರನ್ನು ಇಂಥ ಪ್ರಶ್ನಾವಳಿ ನೇರವಾಗಿ ಎರಡನೆಯ ತುದಿಗೆ ತಳ್ಳುತ್ತದೆ. ಆದರೆ ಮಳೆ ದೇವರ ಕೈಯಲ್ಲಿದೆ ಎನ್ನುವ ರೈತನೇ ಬಿತ್ತನೆ ಬೀಜವನ್ನು ಬೇರೆ ತೆಗೆದಿಟ್ಟು, ನೇಗಿಲು ಸರಿಪಡಿಸಿಕೊಂಡು ಕಾಯುತ್ತಿರುತ್ತಾನೆ. ಬಾಯಿಮಾತಿನ ನಂಬಿಕೆ ಬೇರೆ, ಕೈಯ ನಂಬಿಕೆ ಬೇರೆ. ಕಾಗದದ ಮೇಲೆ ಗುರುತು ಹಾಕಿಸಿ ಅಳೆಯುವವರಿಗೆ ಈ ಎರಡನೆಯದು ಸುಲಭವಾಗಿ ಸಿಕ್ಕುವುದಿಲ್ಲ.

ಒಬ್ಬ ಮೇಷ್ಟರ ಲೆಕ್ಕ, ಇನ್ನೊಬ್ಬರ ಲೆಕ್ಕ

ಶಾಲೆಯ ಮಟ್ಟಿಗೆ ಅತ್ಯಂತ ಕಣ್ತೆರೆಸುವ ಪ್ರಯೋಗವನ್ನು ಮಾಡಿದವರು ಕ್ಯಾರಲ್ ಡ್ವೆಕ್. 1973ರಲ್ಲಿ ಅವರು ಮತ್ತು ಸಹೋದ್ಯೋಗಿ ರೆಪ್ಪೂಚಿ ಐದನೆಯ ತರಗತಿಯ ಮಕ್ಕಳಿಗೆ ಇಬ್ಬರಿಂದ ಸಮಸ್ಯೆಗಳನ್ನು ಕೊಡಿಸಿದರು. ಒಬ್ಬರು ಕೊಟ್ಟವೆಲ್ಲ ಬಿಡಿಸಬಹುದಾದವು. ಇನ್ನೊಬ್ಬರು ಕೊಟ್ಟವು ಬಿಡಿಸಲಾಗದವು. ಸ್ವಲ್ಪ ಕಾಲದ ನಂತರ ಎರಡನೆಯವರೂ ಬಿಡಿಸಬಹುದಾದ ಸಮಸ್ಯೆಗಳನ್ನೇ ಕೊಡತೊಡಗಿದರು. ಮೊದಲನೆಯವರು ಕೊಟ್ಟಾಗ ಬಿಡಿಸಿದ್ದ ಅದೇ ಬಗೆಯ ಲೆಕ್ಕವನ್ನು, ಎರಡನೆಯವರು ಕೊಟ್ಟಾಗ ಕೆಲವು ಮಕ್ಕಳಿಗೆ ಬಿಡಿಸಲಾಗಲಿಲ್ಲ! ಲೆಕ್ಕ ಗೊತ್ತಿತ್ತು, ಬುದ್ಧಿಯೂ ಇತ್ತು. ಆ ಮುಖವನ್ನು ನೋಡಿದೊಡನೆ ಕೈ ಕಟ್ಟಿಹೋಗುತ್ತಿತ್ತು.

ಎಲ್ಲ ಮಕ್ಕಳಿಗೂ ಹಾಗಾಗಲಿಲ್ಲ. ಸೋಲಿಗೆ 'ನನಗೆ ತಲೆಯಿಲ್ಲ' ಎಂಬ ಕಾರಣ ಕೊಟ್ಟುಕೊಳ್ಳುವ ಮಕ್ಕಳು ಕುಸಿದರು, 'ಇನ್ನೂ ಸ್ವಲ್ಪ ಪ್ರಯತ್ನ ಬೇಕಿತ್ತು' ಎನ್ನುವವರು ಕುಸಿಯಲಿಲ್ಲ. 1975ರಲ್ಲಿ ಡ್ವೆಕ್ ತೀರಾ ಎದೆಗುಂದಿದ್ದ 12 ಮಕ್ಕಳನ್ನು ಆರಿಸಿ ಎರಡು ತಂಡ ಮಾಡಿದರು. ಒಂದು ತಂಡಕ್ಕೆ ಸುಲಭ ಲೆಕ್ಕಗಳನ್ನೇ ಕೊಟ್ಟು ಗೆಲುವಿನ ಮೇಲೆ ಗೆಲುವು ಉಣಿಸಿದರು. ಎರಡನೆಯ ತಂಡಕ್ಕೆ ಆಗಾಗ ಸೋಲೂ ಬರುವಂತೆ ಮಾಡಿ, ಸೋತಾಗಲೆಲ್ಲ 'ಪ್ರಯತ್ನ ಸಾಲದಾಯಿತು' ಎಂದು ಹೇಳಿಕೊಟ್ಟರು. ಬಳಿಕ ಕಠಿಣ ಲೆಕ್ಕ ಎದುರಾದಾಗ, ಬರೀ ಗೆಲುವು ಉಂಡ ಮಕ್ಕಳು ಮೊದಲಿನಂತೆಯೇ ಕುಸಿದರು. ಎರಡನೆಯ ತಂಡ ನಿಂತಿತು. ಎಲ್ಲರಿಗೂ ಉದಾರವಾಗಿ 'ಶಹಬ್ಬಾಸ್' ಹಂಚುವ ಉಪಾಧ್ಯಾಯರೂ ತಂದೆತಾಯಿಯರೂ ಈ ಚಿಕ್ಕ ಪ್ರಯೋಗವನ್ನು ಒಮ್ಮೆ ನೆನೆಯುವುದು ಒಳ್ಳೆಯದು. 12 ಮಕ್ಕಳು ದೊಡ್ಡ ಸಂಖ್ಯೆಯಲ್ಲ, ನಿಜ. ಪ್ರಶ್ನೆ ಮಾತ್ರ ದೊಡ್ಡದು.

ಹೂಕುಂಡ ಮತ್ತು ಮುಪ್ಪು

ಮುಪ್ಪಿನಲ್ಲಿ ಹತೋಟಿ ಒಂದೊಂದಾಗಿ ಕೈಬಿಡುತ್ತದೆ. ಏನು ಉಣ್ಣಬೇಕು, ಯಾವಾಗ ಮಲಗಬೇಕು ಎಂಬುದನ್ನೂ ಬೇರೆಯವರು ನಿರ್ಧರಿಸುತ್ತಾರೆ. ಅಮೆರಿಕದ ಕನೆಟಿಕಟ್ ರಾಜ್ಯದ ಒಂದು ವೃದ್ಧಾಶ್ರಮದಲ್ಲಿ ಎಲೆನ್ ಲ್ಯಾಂಗರ್ ಮತ್ತು ಜೂಡಿತ್ ರಾಡಿನ್ 1976ರಲ್ಲಿ ಪ್ರಕಟಿಸಿದ ಅಧ್ಯಯನಕ್ಕೆ ಒಳಪಟ್ಟವರು 91 ಮಂದಿ. ಒಂದು ಮಹಡಿಯವರಿಗೆ ಆಶ್ರಮದ ಆಡಳಿತಗಾರ, 'ನಿಮ್ಮ ಕೋಣೆ ಹೇಗಿರಬೇಕು, ನಿಮ್ಮ ಹೊತ್ತು ಹೇಗೆ ಕಳೆಯಬೇಕು ಎಂಬುದು ನಿಮ್ಮ ಜವಾಬ್ದಾರಿ' ಎಂದು ಹೇಳಿದ. ಒಂದೊಂದು ಗಿಡವನ್ನು ಅವರೇ ಆರಿಸಿಕೊಂಡು ನೀರೆರೆದು ನೋಡಿಕೊಳ್ಳಬೇಕಿತ್ತು. ಸಿನಿಮಾ ಗುರುವಾರವೋ ಶುಕ್ರವಾರವೋ ಎಂಬುದೂ ಅವರ ಆಯ್ಕೆ. ಇನ್ನೊಂದು ಮಹಡಿಯವರಿಗೆ, 'ನಿಮ್ಮನ್ನು ಸುಖವಾಗಿಡುವುದು ನಮ್ಮ ಹೊಣೆ' ಎಂದ. ಅವರಿಗೂ ಗಿಡ ಸಿಕ್ಕಿತು, ನೀರೆರೆಯುವ ಕೆಲಸ ನರ್ಸುಗಳದು. ಸಿನಿಮಾ ಯಾವ ದಿನ ಎಂದು ಅವರಿಗೆ ತಿಳಿಸಲಾಯಿತು.

ಮೂರು ವಾರಗಳ ನಂತರ ಮೊದಲ ಗುಂಪಿನ ಶೇ. 93 ಮಂದಿ ಗೆಲುವಾಗಿ ಓಡಾಡಿಕೊಂಡಿದ್ದರೆ, ಎರಡನೆಯ ಗುಂಪಿನ ಶೇ. 71 ಮಂದಿ ಇನ್ನಷ್ಟು ಸೊರಗಿದ್ದರು. ಹದಿನೆಂಟು ತಿಂಗಳ ಬಳಿಕ ಹೋಗಿ ನೋಡಿದಾಗ ಮೊದಲ ಗುಂಪಿನಲ್ಲಿ ಶೇ. 15 ಮಂದಿ ತೀರಿಕೊಂಡಿದ್ದರು, ಎರಡನೆಯದರಲ್ಲಿ ಶೇ. 30. 'ಗಿಡಕ್ಕೆ ನೀರೆರೆದವರು ಬದುಕಿದರು' ಎಂಬ ಸುದ್ದಿ ಲೋಕಪ್ರಸಿದ್ಧವಾಯಿತು. ಆದರೆ ಲೇಖಕಿಯರ ಲೆಕ್ಕದಲ್ಲಿ ಒಂದು ಸಂಖ್ಯಾಶಾಸ್ತ್ರೀಯ ತಪ್ಪಿತ್ತು. ಅವರೇ ಅದನ್ನು ತಿದ್ದಿ ಪ್ರಕಟಿಸಿದರು. ತಿದ್ದಿದ ಮೇಲೆ ಸಾವಿನ ಅಂತರ, ಆಕಸ್ಮಿಕವಲ್ಲ ಎಂದು ಖಚಿತವಾಗಿ ಹೇಳುವಷ್ಟು ಗಟ್ಟಿಯಾಗಿ ಉಳಿಯಲಿಲ್ಲ. ಸುದ್ದಿ ಮಾತ್ರ ತಿದ್ದುಪಡಿಗಿಂತ ಬಹಳ ಮುಂದೆ ಓಡಿಹೋಗಿತ್ತು.

ಅಷ್ಟು ಪ್ರಸಿದ್ಧವಾಗದ ಇನ್ನೊಂದು ಅಧ್ಯಯನ ಹೆಚ್ಚು ಯೋಚನೆಗೆ ಹಚ್ಚುತ್ತದೆ. ಅದೇ ವರ್ಷ ರಿಚರ್ಡ್ ಶುಲ್ಜ್ ವೃದ್ಧರೊಂದಿಗೆ ಮಾತನಾಡಲು ಕಾಲೇಜು ವಿದ್ಯಾರ್ಥಿಗಳನ್ನು ಕಳಿಸುವ ಏರ್ಪಾಡು ಮಾಡಿದ್ದರು. ವಿದ್ಯಾರ್ಥಿ ಯಾವಾಗ ಬರಬೇಕು, ಎಷ್ಟು ಹೊತ್ತಿರಬೇಕು ಎಂದು ಹೇಳುವ ಅಧಿಕಾರ ಕೆಲವರಿಗಿತ್ತು. ಕೆಲವರಿಗೆ ಬರುವ ಹೊತ್ತು ಮೊದಲೇ ಗೊತ್ತಿರುತ್ತಿತ್ತು. ಈ ಎರಡೂ ಬಗೆಯವರು ಉಳಿದವರಿಗಿಂತ ಲವಲವಿಕೆಯಿಂದಿದ್ದರು. ಅಧ್ಯಯನ ಮುಗಿಯಿತು, ಭೇಟಿಗಳು ನಿಂತವು. ಶುಲ್ಜ್ ಮತ್ತೆ ಹೋಗಿ ನೋಡಿದಾಗ, ಅತ್ಯಂತ ಗೆಲುವಾಗಿದ್ದವರೇ ಅತ್ಯಂತ ಹೆಚ್ಚು ಕುಗ್ಗಿದ್ದರು. ಕೊಟ್ಟ ಹತೋಟಿಯನ್ನು ಕಿತ್ತುಕೊಳ್ಳುವುದು, ಕೊಡದೇ ಇರುವುದಕ್ಕಿಂತ ಕೆಟ್ಟದ್ದಾಗಿ ಪರಿಣಮಿಸಿತ್ತು. 1978ರಲ್ಲಿ ಪ್ರಕಟವಾದ ಈ ಫಲಿತಾಂಶವನ್ನು, ವರ್ಷಕ್ಕೊಂದು ಯೋಜನೆ ತಂದು ಮರುವರ್ಷ ಕೈಬಿಡುವ ಎಲ್ಲ ಸಮಾಜಸೇವಾ ಸಂಸ್ಥೆಗಳ ಗೋಡೆಗಳ ಮೇಲೆ ಅಂಟಿಸಬೇಕು.

ತಲೆಕೆಳಗಾದ ಸಿದ್ಧಾಂತ

ವಿಜ್ಞಾನದ ತಿಳಿವಳಿಕೆ ಯಾರ ಕೈಗಾದರೂ ಹೋಗಬಹುದು. 2001ರ ಸೆಪ್ಟೆಂಬರ್ ದಾಳಿಯ ಬಳಿಕ ಅಮೆರಿಕದ ಗೂಢಚಾರ ಸಂಸ್ಥೆ ಸಿಐಎ ಬಂದಿಗಳನ್ನು ಬಾಯಿಬಿಡಿಸಲು ಜೇಮ್ಸ್ ಮಿಚೆಲ್ ಮತ್ತು ಬ್ರೂಸ್ ಜೆಸ್ಸೆನ್ ಎಂಬ ಇಬ್ಬರು ಮನೋವಿಜ್ಞಾನಿಗಳ ನೆರವು ಪಡೆಯಿತು. ಬಂದಿಯನ್ನು 'ಕಲಿತ ಅಸಹಾಯಕತೆ'ಗೆ ತಳ್ಳಿದರೆ ಆತ ಸಹಕರಿಸುತ್ತಾನೆ ಎಂಬುದು ಅವರ ವಾದ. ನಿದ್ದೆಗೆಡಿಸುವುದು, ನೀರಿನಿಂದ ಉಸಿರುಗಟ್ಟಿಸುವುದು, ಚಿಕ್ಕ ಪೆಟ್ಟಿಗೆಯಲ್ಲಿ ಕೂಡಿಹಾಕುವುದು ಎಲ್ಲವೂ ನಡೆದವು. ಈ ವಿಧಾನಗಳಿಂದ ಉಪಯುಕ್ತ ಮಾಹಿತಿ ದೊರೆಯಲಿಲ್ಲವೆಂದೂ, ಇಬ್ಬರ ಕಂಪನಿಗೆ 8 ಕೋಟಿ ಡಾಲರಿಗೂ ಹೆಚ್ಚು ಸಂದಾಯವಾಯಿತೆಂದೂ 2014ರ ಡಿಸೆಂಬರಿನಲ್ಲಿ ಹೊರಬಂದ ಸೆನೆಟ್ ಸಮಿತಿಯ ವರದಿ ಹೇಳಿತು. ತನ್ನ ಸಂಶೋಧನೆ ಇದಕ್ಕೆ ಬಳಕೆಯಾದುದಕ್ಕೆ ಸೆಲಿಗ್‌ಮನ್ ತೀವ್ರ ದುಃಖ ವ್ಯಕ್ತಪಡಿಸಿದರು. ಅಡ್ಡಗೋಡೆಯ ಪಕ್ಕದಲ್ಲಿ ಮಲಗಿದ್ದ ನಾಯಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ ಎಂಬುದನ್ನು ಆ ಇಬ್ಬರು ಗಮನಿಸಿದ್ದರೆ ಸಾಕಿತ್ತು.

ಅಷ್ಟರಲ್ಲಿ ಸೆಲಿಗ್‌ಮನ್‌ರ ಹಳೆಯ ಗೆಳೆಯ ಮೇಯರ್, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಇಲಿಗಳ ಮೆದುಳನ್ನು ಶೋಧಿಸುತ್ತಿದ್ದರು. ಇಲ್ಲೂ ಹಳೆಯ ಜೋಡಿ ವ್ಯವಸ್ಥೆಯೇ. ಒಂದು ಇಲಿ ಮುಂಗಾಲಿನಿಂದ ಚಕ್ರ ತಿರುಗಿಸಿದರೆ ಬಾಲಕ್ಕೆ ತಗಲುವ ಆಘಾತ ನಿಲ್ಲುತ್ತದೆ, ಇನ್ನೊಂದರ ಚಕ್ರ ವ್ಯರ್ಥ. ದೀರ್ಘ ಕಾಲ ಆಘಾತ ತಗಲಿದಾಗ ಮೆದುಳಿನ ಕಾಂಡದಲ್ಲಿರುವ ಡಾರ್ಸಲ್ ರಾಫೆ ಎಂಬ ಪುಟ್ಟ ನರಕೋಶ ಸಮೂಹ ಕೆರಳಿ ಸೆರೊಟೋನಿನ್ ಎಂಬ ರಾಸಾಯನಿಕವನ್ನು ಹರಿಸುತ್ತದೆ. ಅದರ ಫಲವಾಗಿ ಪ್ರಾಣಿ ಹೆದರಿ, ಕದಲದೆ ಮುದುಡಿಕೊಳ್ಳುತ್ತದೆ. ಇದಕ್ಕೆ ಯಾವ ಕಲಿಕೆಯೂ ಬೇಡ. ಕಷ್ಟ ಬಹಳ ಹೊತ್ತು ಮುಂದುವರಿದರೆ ಮೆದುಳು ಮಾಡುವ ಸಹಜ ಕೆಲಸವೇ ಅದು.

ಹಾಗಾದರೆ ಚಕ್ರ ತಿರುಗಿಸಬಲ್ಲ ಇಲಿ ಏಕೆ ಮುದುಡುವುದಿಲ್ಲ? ಹಣೆಯ ಹಿಂದಿನ ಮೆದುಳಿನ ಕೆಳಮಧ್ಯ ಭಾಗ 'ಇದು ನನ್ನ ಹತೋಟಿಯಲ್ಲಿದೆ' ಎಂಬುದನ್ನು ಪತ್ತೆಹಚ್ಚಿ, ಕಾಂಡದ ಆ ಸಮೂಹಕ್ಕೆ ಬ್ರೇಕು ಹಾಕುತ್ತದೆ. ಸಂಶೋಧಕರು ಆ ಭಾಗವನ್ನು ಔಷಧಿಯಿಂದ ತಾತ್ಕಾಲಿಕವಾಗಿ ಸ್ತಬ್ಧಗೊಳಿಸಿದರು. ಇಲಿ ಮೊದಲಿನಂತೆಯೇ ಚಕ್ರ ತಿರುಗಿಸಿ ಆಘಾತ ನಿಲ್ಲಿಸಿತು, ಆದರೆ ಮರುದಿನ ಅಸಹಾಯಕವಾಗಿ ಕುಳಿತಿತು. ಇದಕ್ಕೆ ವಿರುದ್ಧವಾಗಿ, ವ್ಯರ್ಥ ಚಕ್ರದ ಇಲಿಯಲ್ಲಿ ಆ ಭಾಗವನ್ನು ಔಷಧಿಯಿಂದ ಎಚ್ಚರಿಸಿದಾಗ ಅದು ಹತೋಟಿ ಪಡೆದ ಇಲಿಯಂತೆ ವರ್ತಿಸಿತು. ಹಣೆಬರಹ ಎಂಬ ಮಾತಿಗೆ ಹೀಗೊಂದು ಅಂಗರಚನಾಶಾಸ್ತ್ರದ ಅರ್ಥವೂ ಒದಗೀತೆಂದು ಯಾರೂ ಎಣಿಸಿರಲಿಲ್ಲ. ಆ ಬರಹ ಹೊಸದಾಗಿ ಬರೆಯಲಾಗುವಂಥದು ಎಂಬುದೇ ಇಲ್ಲಿನ ವಿಶೇಷ.

2016ರಲ್ಲಿ ಮೇಯರ್ ಮತ್ತು ಸೆಲಿಗ್‌ಮನ್ ಜೊತೆಯಾಗಿ ಬರೆದ ಪ್ರಬಂಧದಲ್ಲಿ ಐವತ್ತು ವರ್ಷಗಳ ಹಿಂದಿನ ತಮ್ಮ ಮೂಲ ಸಿದ್ಧಾಂತ ಹಿಂದುಮುಂದಾಗಿತ್ತು ಎಂದು ಒಪ್ಪಿಕೊಂಡರು. ನಾಯಿಗಳು ಅಸಹಾಯಕತೆಯನ್ನು ಕಲಿತಿರಲಿಲ್ಲ. ಅಸಹಾಯಕತೆ ಮೊದಲೇ ಇತ್ತು. ಮೊದಲ ತಂಡದ ನಾಯಿಗಳು ಹಲಗೆ ಒತ್ತಿ ಒತ್ತಿ ಹತೋಟಿಯನ್ನು ಕಲಿತಿದ್ದವು. ಎಪ್ಪತ್ತು ದಾಟಿದ ಇಬ್ಬರು ವಿಜ್ಞಾನಿಗಳು, ತಮಗೆ ಹೆಸರು ತಂದ ಮಾತನ್ನೇ ತಿದ್ದಿ ಬರೆಯುವುದು ಅಪರೂಪ.

ಪುಟಿಯಲು ನೆಲವೂ ಬೇಕು

ಇಷ್ಟು ಓದಿದ ಮೇಲೆ, ಕಷ್ಟದಲ್ಲಿರುವವರಿಗೆಲ್ಲ 'ಎಲ್ಲವೂ ನಿನ್ನ ಕೈಯಲ್ಲಿದೆ' ಎಂದು ಉಪದೇಶ ಮಾಡಲು ಹೊರಡುವವರಿದ್ದಾರೆ. ವ್ಯಕ್ತಿತ್ವ ವಿಕಸನದ ಶಿಬಿರಗಳಲ್ಲಿ ಈ ಉಪದೇಶಕ್ಕೆ ಒಳ್ಳೆಯ ಬೆಲೆಯೂ ಇದೆ. ಅಂಥವರು ಶರ್ಮನ್ ಜೇಮ್ಸ್ ಎಂಬ ಸಾಂಕ್ರಾಮಿಕ ರೋಗಶಾಸ್ತ್ರಜ್ಞ 1978ರಲ್ಲಿ ಅಮೆರಿಕದ ನಾರ್ತ್ ಕ್ಯಾರೊಲಿನದಲ್ಲಿ ಭೇಟಿಯಾದ ಕಪ್ಪು ರೈತ ಜಾನ್ ಹೆನ್ರಿ ಮಾರ್ಟಿನ್ ಅವರ ಬದುಕನ್ನು ತಿಳಿಯಬೇಕು. 1907ರಲ್ಲಿ ಬಡ ಗೇಣಿದಾರರ ಮನೆಯಲ್ಲಿ ಹುಟ್ಟಿ, ಎರಡನೆಯ ತರಗತಿಗೇ ಓದು ನಿಲ್ಲಿಸಿದವರು. ತಾವೇ ಓದು ಬರಹ ಕಲಿತು, ವರ್ಣಭೇದದ ಕಾಲದಲ್ಲಿ ಹಗಲಿರುಳು ದುಡಿದು, 40ರ ವಯಸ್ಸಿಗೆ 75 ಎಕರೆ ಜಮೀನಿನ ಒಡೆಯರಾಗಿದ್ದರು. ಹತೋಟಿಯ ನೆಲೆ ಒಳಗಿದೆ ಎನ್ನಲು ಇದಕ್ಕಿಂತ ಉದಾಹರಣೆ ಬೇಡ. ಆದರೆ ಐವತ್ತರ ಕೊನೆಯ ವೇಳೆಗೆ ಅವರಿಗೆ ರಕ್ತದೊತ್ತಡ, ಸಂಧಿವಾತ ಎರಡೂ ಅಂಟಿಕೊಂಡಿದ್ದವು. ಹುಣ್ಣಿನಿಂದಾಗಿ ಜಠರದ ಶೇ. 40 ಭಾಗವನ್ನು ಕತ್ತರಿಸಿ ತೆಗೆಯಬೇಕಾಗಿತ್ತು.

ಜೇಮ್ಸ್ 1983ರಿಂದ ಪ್ರಕಟಿಸುತ್ತ ಬಂದ ಅಧ್ಯಯನಗಳು ಇದು ಒಬ್ಬನ ಕಥೆಯಲ್ಲ ಎಂದು ತೋರಿಸಿದವು. ಛಲದಿಂದ ಎದುರಿಸುವ ಗುಣವಿದ್ದು ಕೈಯಲ್ಲಿ ಹಣ, ಓದು, ಅವಕಾಶ ಇಲ್ಲದವರಲ್ಲಿ ರಕ್ತದೊತ್ತಡ ಹೆಚ್ಚಿತ್ತು. ಬಂಡೆಯಾಳು ಜಾನ್ ಹೆನ್ರಿ ಯಂತ್ರದೊಂದಿಗೆ ಪಂದ್ಯ ಕಟ್ಟಿ, ಗೆದ್ದು, ಸುತ್ತಿಗೆ ಹಿಡಿದೇ ಸತ್ತ ಎಂಬ ಜನಪದ ಕಥೆ ಅಮೆರಿಕದಲ್ಲಿದೆ. ಜೇಮ್ಸ್ ಈ ಸ್ಥಿತಿಗೆ ಆತನ ಹೆಸರನ್ನೇ ಇಟ್ಟರು. ಬ್ರಿಟನ್ನಿನಲ್ಲಿ 1985ರಲ್ಲಿ ಆರಂಭವಾದ ವೈಟ್‌ಹಾಲ್ ಅಧ್ಯಯನ ಇದರ ಇನ್ನೊಂದು ಮಗ್ಗುಲನ್ನು ತೋರಿಸಿತು. ಹತ್ತು ಸಾವಿರಕ್ಕೂ ಹೆಚ್ಚು ಸರಕಾರಿ ನೌಕರರಲ್ಲಿ, ತಮ್ಮ ಕೆಲಸವನ್ನು ಹೇಗೆ ಮಾಡಬೇಕೆಂದು ನಿರ್ಧರಿಸುವ ಸ್ವಾತಂತ್ರ್ಯ ಕಡಿಮೆಯಿದ್ದವರಿಗೆ ಹೃದಯ ರೋಗದ ಅಪಾಯ ಹೆಚ್ಚಿತ್ತು. ಅಂಥವರಿಗೆ ಧೈರ್ಯದ ಪಾಠ ಹೇಳುವುದಕ್ಕಿಂತ ಕಚೇರಿಯ ವ್ಯವಸ್ಥೆ ಬದಲಿಸುವುದು ಮದ್ದು.

ನಿಜವಾದ ಹತೋಟಿ ನಿಜವಾದ ಬದುಕಿನಲ್ಲಿ ಹೇಗೆ ಬೆಳೆಯುತ್ತದೆ ಎಂದು ಅರಿಯಲು ಹವಾಯಿಯ ಕವಾಯ್ ದ್ವೀಪಕ್ಕೆ ಹೋಗಬೇಕು. 1955ರಲ್ಲಿ, ಹವಾಯಿ ಇನ್ನೂ ಅಮೆರಿಕದ ರಾಜ್ಯವಾಗುವ ಮೊದಲು, ಆ ದ್ವೀಪದಲ್ಲಿ ಹುಟ್ಟಿದ 698 ಮಕ್ಕಳನ್ನು ಎಮಿ ವರ್ನರ್ ಮತ್ತು ರೂತ್ ಸ್ಮಿತ್ ನಲವತ್ತು ವರ್ಷ ಕಾಲ ಬಿಡದೆ ಹಿಂಬಾಲಿಸಿದರು. ಹಲವರು ಕಬ್ಬಿನ ತೋಟಗಳಲ್ಲಿ ದುಡಿಯಲು ಜಪಾನ್, ಫಿಲಿಪ್ಪೀನ್ಸ್‌ಗಳಿಂದ ಬಂದವರ ಮನೆಯ ಮಕ್ಕಳು. ಸುಮಾರು 200 ಮಕ್ಕಳು ಬಡತನ, ಹೆರಿಗೆಯ ತೊಡಕು, ಕುಡಿತ, ಮನೋರೋಗ, ಮುರಿದ ಸಂಸಾರ ಮುಂತಾದ ಹಲವು ಆಪತ್ತುಗಳನ್ನು ಒಟ್ಟಿಗೇ ಹೊತ್ತು ಹುಟ್ಟಿದ್ದರು. ಅವರಲ್ಲಿ ಮೂವರಲ್ಲಿ ಇಬ್ಬರು ಹದಿನೆಂಟರ ಹೊತ್ತಿಗೆ ತೊಂದರೆಗೆ ಸಿಲುಕಿದ್ದರು. ಉಳಿದ 72 ಮಕ್ಕಳು ಓದಿ, ದುಡಿದು, ಇತರರನ್ನು ಪ್ರೀತಿಸಬಲ್ಲ ತರುಣ ತರುಣಿಯರಾಗಿ ಬೆಳೆದಿದ್ದರು.

ಆ 72 ಮಂದಿಗೆ ತಮ್ಮ ಬದುಕು ತಮ್ಮ ಕೈಯಲ್ಲಿದೆ ಎಂಬ ನಂಬಿಕೆ ಇತ್ತೆಂಬುದು ನಿಜ. ಆದರೆ ಅದು ಗಾಳಿಯಿಂದ ಬಂದುದಲ್ಲ. ಬಹುತೇಕ ಎಲ್ಲರಿಗೂ ಎಳವೆಯಲ್ಲಿ ಒಬ್ಬರಾದರೂ ಆಸರೆಯಾಗಿದ್ದರು. ಅಜ್ಜಿಯೋ, ಅಕ್ಕನೋ, ಚಿಕ್ಕಮ್ಮನೋ, ಶಾಲೆಯ ಒಬ್ಬ ಶಿಕ್ಷಕಿಯೋ. ಹಲವರು ಚಿಕ್ಕಂದಿನಲ್ಲೇ ತಮ್ಮ ತಂಗಿಯರನ್ನು ನೋಡಿಕೊಳ್ಳುವ, ಮನೆ ನಡೆಸುವ ಹೊಣೆ ಹೊತ್ತಿದ್ದರು. ತಾನು ಮಾಡಿದರೆ ಒಂದು ಕೆಲಸ ಆಗುತ್ತದೆ, ಮಾಡದಿದ್ದರೆ ಆಗುವುದಿಲ್ಲ ಎಂಬುದನ್ನು ದಿನವೂ ಕಂಡವರು. ಫಿಲಡೆಲ್ಫಿಯದ ನಾಯಿಗೆ ಹಲಗೆ ಇದ್ದಂತೆ ಇವರಿಗೆ ಈ ಹೊಣೆ ಇತ್ತು. ಮಗುವಿನ ಬೆನ್ನಿಗೆ ಅತಿ ಭಾರ ಹೊರಿಸಬೇಕೆಂದು ಇದರರ್ಥವಲ್ಲ. ಕವಾಯ್‌ನ ಮಕ್ಕಳಿಗೆ ಹೊಣೆಯ ಜೊತೆಗೆ ಆಸರೆಯೂ ಇತ್ತು.

ವರ್ನರ್ ಅಧ್ಯಯನದ ಅತ್ಯಂತ ದೊಡ್ಡ ಕೊಡುಗೆ ಆ 72 ಮಂದಿಯ ಬಗೆಗಿನದ್ದಲ್ಲ, ಉಳಿದವರ ಬಗೆಗಿನದು. 1992ರ ಸೆಪ್ಟೆಂಬರ್ 11ರಂದು ಇನಿಕಿ ಎಂಬ ಚಂಡಮಾರುತ ಕವಾಯ್ ದ್ವೀಪವನ್ನು ಜಜ್ಜಿಹಾಕಿತು. ಸಾವಿರಾರು ಮನೆಗಳು ಹಾಳಾದವು. ಅದರ ಬಳಿಕ, ನಲವತ್ತರ ಹೊಸಿಲಿನಲ್ಲಿದ್ದ 489 ಮಂದಿಯನ್ನು ವರ್ನರ್ ಮತ್ತೆ ಪತ್ತೆಹಚ್ಚಿದರು. ಹದಿನೆಂಟರಲ್ಲಿ ಪೊಲೀಸರ ದಾಖಲೆ ಸೇರಿದ್ದ ಹುಡುಗರು, ಶಾಲೆ ಬಿಟ್ಟು ತಾಯಂದಿರಾಗಿದ್ದ ಹುಡುಗಿಯರು ಬಹುಪಾಲು ಚೇತರಿಸಿಕೊಂಡಿದ್ದರು. ಮನೋಚಿಕಿತ್ಸೆಯಿಂದ ಸುಧಾರಿಸಿದವರು ತೀರಾ ಕಡಿಮೆ. ಕೆಲವರು ವಯಸ್ಕರಿಗೆ ತೆರೆದಿದ್ದ ಸ್ಥಳೀಯ ಕಾಲೇಜಿಗೆ ಸೇರಿದ್ದರು, ಕೆಲವರು ಸೈನ್ಯಕ್ಕೆ. ಕೆಲವರಿಗೆ ಸ್ಥಿರ ಮನಸ್ಸಿನ ಗಂಡನೋ ಹೆಂಡತಿಯೋ ಸಿಕ್ಕಿದ್ದರು, ಕೆಲವರಿಗೆ ಚರ್ಚಿನ ಒಂದು ಸಮುದಾಯ. ಇನ್ನು ಕೆಲವರು ಮಾರಕ ಕಾಯಿಲೆಯಿಂದ ಎದ್ದು ಬಂದ ಮೇಲೆ ಬದುಕಿನ ದಾರಿ ಬದಲಿಸಿಕೊಂಡಿದ್ದರು. ಇಂಥ ತಿರುವುಗಳು ಅವರ ಪಾಲಿಗೆ ಬಂದದ್ದು ಹೆಚ್ಚಾಗಿ ಇಪ್ಪತ್ತು ಮೂವತ್ತರ ವಯಸ್ಸಿನಲ್ಲಿ.